ಸಾಕೆಟ್ ಬೇಕೆ, ಲೈಬ್ರರಿ ಸಾಕೆ?

ಕಳೆದ ಎರಡು ತಿಂಗಳಲ್ಲಿ ಬಂದ ಪತ್ರಗಳ ಪೈಕಿ ನಾಲ್ಕು ಒಂದೇ ಪ್ರಶ್ನೆಯ ಸುತ್ತ ಸುಳಿಯುತ್ತಿದ್ದವು. ನೆಟ್‌ವರ್ಕ್ ಪ್ರೋಗ್ರಾಮಿಂಗ್ ಕಲಿಯಹೊರಟವರು ತಳಮಟ್ಟದ ಸಾಕೆಟ್‌ಗಳಿಂದ (ಜಾಲದ ಮೂಲಕ ಬೈಟ್ ಕಳಿಸಿ ಪಡೆಯಲು ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಂಗೆ ಕೊಡುವ ದ್ವಾರಗಳಿಂದ) ಆರಂಭಿಸಬೇಕೆ, ಅಥವಾ ಬೇರೆಯವರು ಬರೆದಿಟ್ಟ ಸಿದ್ಧ ಲೈಬ್ರರಿಗಳನ್ನು ಬಳಸಿ ಕೆಲಸ ಮುಗಿಸಿದರೆ ಸಾಕೆ ಎಂಬುದು ಆ ಪ್ರಶ್ನೆ. ಈ ಸಂಚಿಕೆಯ ಅಂಕಣವನ್ನು ಆ ನಾಲ್ಕು ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಮೊದಲ ಪತ್ರಕ್ಕೆ ಬರೆದ ಉತ್ತರ ಉದ್ದವಾಗಿದೆ. ಉಳಿದ ಉತ್ತರಗಳು ಅದನ್ನು ನೆಚ್ಚಿಕೊಂಡಿರುವುದರಿಂದ ಅದನ್ನು ಓದಿಯೇ ಮುಂದೆ ಹೋಗುವುದು ಒಳ್ಳೆಯದು.

ಪ್ರಶ್ನೆ: ಮಾನ್ಯರೇ, ನಾನು ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್‌ನ ಐದನೆಯ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. ಇಬ್ಬರು ಕನ್ನಡದಲ್ಲಿ ಸಂದೇಶ ಕಳಿಸಿಕೊಳ್ಳುವ ಸಣ್ಣ ಚಾಟ್ ಪ್ರೋಗ್ರಾಂ ಒಂದನ್ನು ಪೈಥಾನ್‌ನ ಸಾಕೆಟ್ ಬಳಸಿ ಬರೆದೆ. ನನ್ನ ಲ್ಯಾಪ್‌ಟಾಪ್‌ನಲ್ಲೇ ಎರಡು ವಿಂಡೋ ತೆರೆದು ನೋಡಿದಾಗ ಎಲ್ಲವೂ ಸರಿಯಾಗಿತ್ತು. ಹಾಸ್ಟೆಲ್ ವೈಫೈ ಮೂಲಕ ಗೆಳತಿಯ ಲ್ಯಾಪ್‌ಟಾಪ್‌ಗೆ ಕಳಿಸತೊಡಗಿದ ಮೇಲೆ ಒಮ್ಮೊಮ್ಮೆ ಎರಡು ಸಂದೇಶಗಳು ಅಂಟಿಕೊಂಡು ಬರುತ್ತವೆ, ಉದ್ದದ ಸಂದೇಶ ತುಂಡಾಗುತ್ತದೆ, ಕೆಲವು ಸಲ ಯೂನಿಕೋಡ್ ಡಿಕೋಡ್ ಎರರ್ ಬಂದು ಪ್ರೋಗ್ರಾಂ ನಿಂತೇಹೋಗುತ್ತದೆ. ಇದೆಲ್ಲ ಏಕೆ, ವೆಬ್‌ಸಾಕೆಟ್ ಲೈಬ್ರರಿ ಹಾಕಿಕೊ, ಯಾವ ಕಂಪನಿಯವರೂ ಸಾಕೆಟ್ ಕೇಳುವುದಿಲ್ಲ ಎಂದು ಸೀನಿಯರ್ ಒಬ್ಬರು ಹೇಳುತ್ತಾರೆ. ನಮ್ಮ ಸರ್ ಎಲ್ಲವನ್ನೂ ಸಿ ಭಾಷೆಯಲ್ಲಿ ಮೊದಲಿನಿಂದ ಬರೆಯಬೇಕು ಎನ್ನುತ್ತಾರೆ. ನಾನು ಯಾರ ಮಾತು ಕೇಳಲಿ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಎತ್ತು ಏರಿಗೆ, ಕೋಣ ನೀರಿಗೆ ಎಂಬ ಸ್ಥಿತಿ ನಿಮ್ಮದು. ಸೀನಿಯರ್ ಮಾತನ್ನು ಇನ್ನು ಎರಡು ವಾರ ಬಿಟ್ಟು ಕೇಳಿ. ಸರ್ ಮಾತನ್ನು ಅರ್ಧ ಮಾತ್ರ ಕೇಳಿ. ಏಕೆಂದರೆ ಸಾಕೆಟ್ ಪ್ರೋಗ್ರಾಮಿಂಗ್‌ನಿಂದ ಒಬ್ಬರು ಕಲಿಯಬೇಕಾದ ಪಾಠದ ಬಹುಪಾಲು ನೀವು ವಿವರಿಸಿರುವ ಆ ಮೂರು ತೊಂದರೆಗಳಲ್ಲೇ ಅಡಗಿದೆ. ಅದು ಕೈಗೆ ಬಂದಿರುವ ಹೊತ್ತಿನಲ್ಲಿ ಬಿಟ್ಟು ಓಡುವುದು ನಷ್ಟ.

ನಿಮ್ಮ ಪ್ರೋಗ್ರಾಂನಲ್ಲಿ ರಿಸೀವ್ ಕರೆಗೆ 1024 ಎಂಬ ಸಂಖ್ಯೆ ಕೊಟ್ಟಿರುತ್ತೀರಿ; ಬಹುತೇಕ ಎಲ್ಲ ಉದಾಹರಣೆಗಳಲ್ಲೂ ಅದೇ ಸಂಖ್ಯೆ ಇರುತ್ತದೆ. 'ಅತ್ತ ಕಳಿಸಿದ ಒಂದು ಸಂದೇಶವನ್ನು ಕೊಡು' ಎಂದು ಅದನ್ನು ಓದಿಕೊಂಡಿದ್ದೀರಿ. ಅದರ ನಿಜವಾದ ಅರ್ಥ, 'ಇಲ್ಲಿಯವರೆಗೆ ಬಂದು ಬಿದ್ದಿರುವುದರಲ್ಲಿ ಹೆಚ್ಚೆಂದರೆ 1024 ಬೈಟ್ ಕೊಡು' ಎಂದಷ್ಟೆ. ನಿಮ್ಮ ಸಾಕೆಟ್ ಬಳಸುವ ಟಿಸಿಪಿಗೆ, ಅಂದರೆ ಎರಡು ಯಂತ್ರಗಳ ನಡುವೆ ಬೈಟ್ ಸಾಗಿಸುವ ನಿಯಮಾವಳಿಗೆ, ಸಂದೇಶ ಎಂಬ ಕಲ್ಪನೆಯೇ ಇಲ್ಲ. ಮಹಡಿಯ ಮೇಲಿನ ತೊಟ್ಟಿಗೆ ನೀವು ಎರಡು ಕೊಡ ನೀರು ಸುರಿದರೆ ಕೆಳಗೆ ನಲ್ಲಿ ತಿರುಗಿಸಿದವರಿಗೆ ನೀರು ಬರುತ್ತದೆಯೇ ಹೊರತು ಎರಡು ಕೊಡ ಬರುವುದಿಲ್ಲ. ಮೊದಲನೆಯ ಕೊಡ ಎಲ್ಲಿ ಮುಗಿಯಿತೆಂದು ನೀರನ್ನು ನೋಡಿ ಹೇಳಲಾಗದು. ಟಿಸಿಪಿ ಕೊಡುವ ಭರವಸೆ ಇಷ್ಟೇ: ಸಂಪರ್ಕ ಉಳಿದಿರುವ ತನಕ ಬೈಟ್‌ಗಳು ಕಳಿಸಿದ ಕ್ರಮದಲ್ಲೇ ಬರುತ್ತವೆ, ನಡುವೆ ಒಂದೂ ತಪ್ಪಿಹೋಗುವುದಿಲ್ಲ. ನೀವು ಬೇಗಬೇಗನೆ ಕಳಿಸಿದ ಎರಡು ಸಣ್ಣ ಸಂದೇಶಗಳು ಒಂದೇ ಓದಿಗೆ ಸಿಕ್ಕಿದರೂ, ಒಂದು ದೊಡ್ಡ ಸಂದೇಶ ಮೂರು ಓದಿಗೆ ಹಂಚಿಹೋದರೂ ಟಿಸಿಪಿಯ ದೃಷ್ಟಿಯಲ್ಲಿ ತಪ್ಪೇನೂ ನಡೆದಿಲ್ಲ.

ಹಾಗಾದರೆ ನಿಮ್ಮ ಲ್ಯಾಪ್‌ಟಾಪ್‌ನೊಳಗೆ ಏಕೆ ಸರಿಯಾಗಿತ್ತು? ದೋಷ ಅಲ್ಲಿಯೂ ಇತ್ತು, ಕಾಣಿಸಿಕೊಳ್ಳುವ ಸಂದರ್ಭ ಬರಲಿಲ್ಲ. ಒಬ್ಬರೇ ಕುಳಿತು ಒಂದು ವಿಂಡೋದಲ್ಲಿ ಟೈಪ್ ಮಾಡಿ, ಇನ್ನೊಂದರಲ್ಲಿ ನೋಡಿ, ಮತ್ತೆ ಟೈಪ್ ಮಾಡುವಾಗ ಎರಡು ಸಂದೇಶಗಳ ನಡುವೆ ಹಲವು ಸೆಕೆಂಡ್‌ಗಳ ಅಂತರವಿರುತ್ತದೆ; ಸಂದೇಶಗಳೂ 'ಹಲೋ', 'ಊಟ ಆಯ್ತಾ' ಎಂಬಷ್ಟು ಚಿಕ್ಕವು. ಮೇಲಾಗಿ ಯಂತ್ರದೊಳಗಿನ ಲೂಪ್‌ಬ್ಯಾಕ್ ದಾರಿಯಲ್ಲಿ ಲಿನಕ್ಸ್ ಒಂದು ಪ್ಯಾಕೆಟ್‌ಗೆ ಸಾಮಾನ್ಯವಾಗಿ 65536 ಬೈಟ್ ತನಕ ಅವಕಾಶ ಕೊಡುತ್ತದೆ. ಹೊರಗಿನ ಜಾಲದಲ್ಲಿ ಆ ಮಿತಿ ಸಾಮಾನ್ಯವಾಗಿ 1500. ಅದರಲ್ಲಿ ತಲೆಬರಹಗಳಿಗೆ 40 ಹೋದರೆ ಸುಮಾರು 1460 ಬೈಟ್ ಉಳಿಯುತ್ತದೆ. ಎರಡು ಸಾವಿರ ಅಕ್ಷರಗಳ ಪ್ರಬಂಧವೊಂದನ್ನು ನಿಮ್ಮದೇ ಯಂತ್ರದಲ್ಲಿ ಅಂಟಿಸಿ ಕಳಿಸಿ ನೋಡಿ, ಅಲ್ಲಿಯೂ ತುಂಡಾಗುತ್ತದೆ.

ಇನ್ನು ಆ ಯೂನಿಕೋಡ್ ಎರರ್ ವಿಷಯ. ಇಂಗ್ಲಿಷ್‌ನಲ್ಲಿ ಚಾಟ್ ಮಾಡುವವರಿಗೆ ಇದು ಸುಲಭಕ್ಕೆ ಎದುರಾಗುವುದಿಲ್ಲ, ಆದ್ದರಿಂದ ಕನ್ನಡದಲ್ಲಿ ಪ್ರಯೋಗಿಸಿದ ನಿಮಗೆ ಒಂದು ಪಾಠ ಹೆಚ್ಚಿಗೆ ಸಿಕ್ಕಿದೆ. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದರಲ್ಲಿ ಮೂರು ಅಕ್ಷರಗಳಿವೆ: ಕ, ನ್ನ, ಡ. ಪೈಥಾನ್‌ನಲ್ಲಿ ಉದ್ದ ಕೇಳಿದರೆ 5 ಎನ್ನುತ್ತದೆ, ಏಕೆಂದರೆ ಯೂನಿಕೋಡ್‌ನಲ್ಲಿ ಅದು ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ ಎಂಬ ಐದು ಸಂಕೇತಗಳು. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಹಾಗಾಗಿ ತಂತಿಯ ಮೇಲೆ ಹೋಗುವುದು 15 ಬೈಟ್. 'ಕ' ಎಂಬುದು 224, 178, 149 ಆಗಿಯೂ 'ನ' ಎಂಬುದು 224, 178, 168 ಆಗಿಯೂ ಹೋಗುತ್ತದೆ. ಈಗ 1024ನ್ನು ಮೂರರಿಂದ ಭಾಗಿಸಿ: 341 ಸಂಕೇತಗಳಿಗೆ 1023 ಬೈಟ್ ಹೋಗಿ ಒಂದು ಬೈಟ್ ಉಳಿಯುತ್ತದೆ. ನಡುವೆ ಎಲ್ಲೂ ಖಾಲಿ ಜಾಗವಿಲ್ಲದ ಸಂದೇಶವಾದರೆ ಓದಿದ 1024 ಬೈಟ್‌ಗಳ ಕೊನೆಯಲ್ಲಿ 342ನೆಯ ಸಂಕೇತದ 224 ಎಂಬ ಮೊದಲ ಬೈಟ್ ಮಾತ್ರ ಒಂಟಿಯಾಗಿ ಕುಳಿತಿರುತ್ತದೆ. ಅದನ್ನು ಅಕ್ಷರವಾಗಿಸಲು ಹೋದ ಪೈಥಾನ್ 'ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಡೇಟಾ' ಎಂದು ಕೈಚೆಲ್ಲುತ್ತದೆ. ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದೇ ಬೈಟ್ ಸಾಕಾಗುವುದರಿಂದ ಈ ಲೆಕ್ಕ ಸಂದೇಶದಿಂದ ಸಂದೇಶಕ್ಕೆ ಬದಲಾಗುತ್ತದೆ. ತಪ್ಪು ಕೆಲವು ಸಲ ಮಾತ್ರ ಕಾಣಿಸಿಕೊಂಡದ್ದು ಇದರಿಂದಲೇ.

ಪರಿಹಾರ ಒಂದು ಸಂಜೆಯ ಕೆಲಸ. ಸಂದೇಶವನ್ನು ಮೊದಲು ಬೈಟ್‌ಗಳನ್ನಾಗಿ ಮಾಡಿ, ಆ ಬೈಟ್‌ಗಳನ್ನು ಎಣಿಸಿ, ಆ ಎಣಿಕೆಯನ್ನು ನಾಲ್ಕು ಬೈಟ್‌ಗಳಲ್ಲಿ ಮುಂದಿಟ್ಟು, ಹಿಂದೆ ಸಂದೇಶವನ್ನು ಕಳಿಸಿ. ಓದುವ ಕಡೆ ಮೊದಲು ಸರಿಯಾಗಿ ನಾಲ್ಕು ಬೈಟ್ ಸೇರುವ ತನಕ ಲೂಪ್‌ನಲ್ಲಿ ಓದಿ, ಅದರಿಂದ ಉದ್ದ ತಿಳಿದುಕೊಂಡು, ಅಷ್ಟು ಬೈಟ್ ಸೇರುವ ತನಕ ಮತ್ತೆ ಓದಿ, ಪೂರ್ತಿ ಕೈಗೆ ಬಂದ ಮೇಲೆಯೇ ಅಕ್ಷರಗಳಾಗಿ ಬದಲಾಯಿಸಿ. ಎಣಿಸುವಾಗ ಎಚ್ಚರ: ಬೈಟ್‌ಗಳ ಬದಲು ಸಂಕೇತಗಳನ್ನು ಎಣಿಸಿ 'ಕನ್ನಡ' ಪದಕ್ಕೆ 5 ಎಂದು ಬರೆದು ಕಳಿಸಿದರೆ ಗೆಳತಿಗೆ 'ಕ' ಮತ್ತು ಮೂರರಲ್ಲಿ ಎರಡು ಪಾಲು 'ನ' ತಲುಪುತ್ತದೆ. ಉಳಿದ ಹತ್ತು ಬೈಟ್‌ಗಳ ಮೊದಲ ನಾಲ್ಕನ್ನು ಅವರ ಪ್ರೋಗ್ರಾಂ ಮುಂದಿನ ಸಂದೇಶದ ಉದ್ದವೆಂದು ಓದಿಕೊಳ್ಳುತ್ತದೆ; ಆ ಮೇಲೆ ನಡೆಯುವುದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ. ಓದಿದಾಗ ಸೊನ್ನೆ ಬೈಟ್ ಬಂದರೆ ಆಚೆಯವರು ಸಂಪರ್ಕ ಮುಚ್ಚಿದರು ಎಂದು ತಿಳಿದು ಲೂಪ್‌ನಿಂದ ಹೊರಬನ್ನಿ. ಇದನ್ನು ಮರೆತ ಪ್ರೋಗ್ರಾಂಗಳು ಖಾಲಿ ಸಂದೇಶಗಳನ್ನು ಎಡೆಬಿಡದೆ ಮುದ್ರಿಸುತ್ತ ಲ್ಯಾಪ್‌ಟಾಪ್‌ನ ಫ್ಯಾನ್ ತಿರುಗಿಸುತ್ತವೆ.

ಇಷ್ಟು ಮುಗಿದ ಮೇಲೆ ವೆಬ್‌ಸಾಕೆಟ್ ಲೈಬ್ರರಿಯನ್ನು ಧಾರಾಳವಾಗಿ ಹಾಕಿಕೊಳ್ಳಿ. ಅಂತರ್ಜಾಲದ ನಿಯಮಗಳ ದಾಖಲೆಮಾಲೆಯಲ್ಲಿ ಆರ್‌ಎಫ್‌ಸಿ 6455 ಆಗಿ 2011ರಲ್ಲಿ ಪ್ರಕಟವಾದ ವೆಬ್‌ಸಾಕೆಟ್ ನಿಯಮಾವಳಿಯನ್ನು ಒಮ್ಮೆ ತೆರೆದು ನೋಡಿದರೆ ನಿಮಗೆ ನಗು ಬರಬಹುದು. ಅಲ್ಲಿಯೂ ಪ್ರತಿ ಸಂದೇಶದ ತುಣುಕಿನ ಮುಂದೆ ಉದ್ದವನ್ನೇ ಬರೆಯುತ್ತಾರೆ: ಏಳು ಬಿಟ್‌ಗಳಲ್ಲಿ 125ರ ತನಕ, ಅಲ್ಲಿ 126 ಎಂದಿದ್ದರೆ ಮುಂದಿನ 16 ಬಿಟ್‌ಗಳಲ್ಲಿ, 127 ಎಂದಿದ್ದರೆ ಮುಂದಿನ 64 ಬಿಟ್‌ಗಳಲ್ಲಿ. ಪಠ್ಯ ಸಂದೇಶವು ಯುಟಿಎಫ್-8 ಆಗಿರಲೇಬೇಕೆಂಬ ಷರತ್ತೂ ಇದೆ. ನೀವು ಹಾಸ್ಟೆಲ್ ಕೋಣೆಯಲ್ಲಿ ಕಟ್ಟಿದ್ದನ್ನೇ ಅವರು ಹೆಚ್ಚು ಎಚ್ಚರದಿಂದ, ಬ್ರೌಸರ್‌ಗಳಿಗೆ ಒಗ್ಗುವಂತೆ ಕಟ್ಟಿದ್ದಾರೆ. ಮೊದಲೇ ಲೈಬ್ರರಿಗೆ ಹೋಗಿದ್ದರೆ ಆ ಪುಟ ನಿಮಗೆ ಪರೀಕ್ಷೆಗೆ ಬಾಯಿಪಾಠ ಮಾಡುವ ಪುಟವಾಗಿರುತ್ತಿತ್ತು. ಸಿ ಭಾಷೆಯ ಮಾತನ್ನು ಮೂರನೆಯ ಪತ್ರದ ಉತ್ತರದಲ್ಲಿ ಹೇಳಿದ್ದೇನೆ, ಸರ್‌ಗೆ ತೋರಿಸಬಹುದು.

ಪ್ರಶ್ನೆ: ನಾನು ಬಿಸಿಎ ಮುಗಿಸಿ ಎಂಟು ತಿಂಗಳಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಬೇರೆ ಸರ್ವರ್‌ನಿಂದ ರಾತ್ರಿ ಮಾಹಿತಿ ತರುವ ಪೈಥಾನ್ ಪ್ರೋಗ್ರಾಂ ಒಂದು ನನ್ನ ಜವಾಬ್ದಾರಿ. ರಿಕ್ವೆಸ್ಟ್ಸ್ ಲೈಬ್ರರಿ ಬಳಸಿ ಬರೆದದ್ದು; ಸಾಕೆಟ್ ಎಂದರೇನೆಂದು ನನಗೆ ತಿಳಿಯದು, ಈವರೆಗೆ ಅಗತ್ಯವೂ ಬೀಳಲಿಲ್ಲ. ಆದರೆ ತಿಂಗಳಿಗೆ ಒಂದೆರಡು ಸಲ ಪ್ರೋಗ್ರಾಂ ಯಾವ ಎರರ್ ಅನ್ನೂ ತೋರಿಸದೆ ಹಾಗೆಯೇ ನಿಂತುಬಿಡುತ್ತದೆ. ರೀಸ್ಟಾರ್ಟ್ ಮಾಡು, ಸರಿಹೋಗುತ್ತದೆ ಎಂದು ತಂಡದವರು ಹೇಳುತ್ತಾರೆ, ಸರಿಹೋಗುತ್ತದೆ ಕೂಡ. ನಾನು ಈಗ ತಳಮಟ್ಟದಿಂದ ಕಲಿಯಬೇಕಾದ ಅಗತ್ಯವಿದೆಯೆ?
– ಓದುಗ, ಬೆಂಗಳೂರು

ಉತ್ತರ: ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಹೀಗೆಯೇ ರಾತ್ರಿ ಓಡುವ ಪ್ರೋಗ್ರಾಂ ಒಂದನ್ನು ನಾನು ಬರೆದಿದ್ದೆ. ಒಂದು ಬೆಳಗ್ಗೆ ಒಂಬತ್ತಕ್ಕೆ ಬಂದು ನೋಡಿದರೆ ಲಾಗ್‌ನ ಕೊನೆಯ ಸಾಲು ರಾತ್ರಿ ಎರಡು ಗಂಟೆ ಹತ್ತು ನಿಮಿಷದ್ದು. ಪ್ರೋಗ್ರಾಂ ಸತ್ತಿರಲಿಲ್ಲ, ಸಂಪರ್ಕಗಳ ಪಟ್ಟಿ ತೆಗೆದರೆ ಆಚೆಯ ಯಂತ್ರದ ಜೊತೆಗಿನ ಸಂಪರ್ಕ 'ಎಸ್ಟಾಬ್ಲಿಷ್ಡ್' ಎಂದೇ ತೋರಿಸುತ್ತಿತ್ತು. ಆಚೆಯ ಕಟ್ಟಡದಲ್ಲಿ ಯುಪಿಎಸ್ ಬದಲಾಯಿಸಲು ಬಂದವರು ಎರಡು ಗಂಟೆಯ ಸುಮಾರಿಗೆ ಸ್ವಿಚ್ ಆರಿಸಿದ್ದರು ಎಂಬುದು ಮಧ್ಯಾಹ್ನ ತಿಳಿಯಿತು. ಅಂದರೆ ಏಳು ಗಂಟೆಗಳ ಕಾಲ ನನ್ನ ಪ್ರೋಗ್ರಾಂ ವಿದ್ಯುತ್ತೇ ಇಲ್ಲದ ಯಂತ್ರವೊಂದರ ಉತ್ತರಕ್ಕಾಗಿ ಭಕ್ತಿಯಿಂದ ಕಾಯುತ್ತಿತ್ತು.

ಟಿಸಿಪಿ ಸಂಪರ್ಕವೆಂದರೆ ಎರಡು ಯಂತ್ರಗಳನ್ನು ಬಿಗಿದು ಕಟ್ಟಿದ ಹಗ್ಗವಲ್ಲ. ಎರಡೂ ಕಡೆಯ ಕರ್ನೆಲ್‌ಗಳು (ಆಪರೇಟಿಂಗ್ ಸಿಸ್ಟಂನ ತಿರುಳು) ತಮ್ಮ ತಮ್ಮ ನೆನಪಿನಲ್ಲಿ ಇಟ್ಟುಕೊಂಡ ಲೆಕ್ಕ ಮಾತ್ರ. ಒಂದು ಕಡೆಯವರು ಮುಚ್ಚುತ್ತೇನೆಂದು ಹೇಳಿ ಹೋದರೆ ಇನ್ನೊಂದು ಕಡೆಗೆ ಸುದ್ದಿ ಮುಟ್ಟುತ್ತದೆ. ಹೇಳದೆ ಹೋದರೆ ಸುದ್ದಿ ತರುವವರು ಯಾರೂ ಇಲ್ಲ. ನೀವು ಏನಾದರೂ ಕಳಿಸುತ್ತಿದ್ದರೆ ಮರುಪ್ರಯತ್ನಗಳೆಲ್ಲ ಸೋತ ಮೇಲೆ ಎರರ್ ಬರುತ್ತದೆ. ಲಿನಕ್ಸ್‌ನ ಮೂಲ ವ್ಯವಸ್ಥೆಯಲ್ಲಿ ಅದಕ್ಕೇ ಸುಮಾರು ಹದಿನೈದು ನಿಮಿಷ ಹಿಡಿಯುತ್ತದೆ. ಬರೀ ಓದಲು ಕುಳಿತಿದ್ದರೆ ಕಾಲಮಿತಿಯೇ ಇಲ್ಲ. ಆಚೆಯವರು ಇನ್ನೂ ಇದ್ದಾರೆಯೆ ಎಂದು ವಿಚಾರಿಸುವ ಕೀಪ್‌ಅಲೈವ್ ಎಂಬ ಸೌಲಭ್ಯ ಇದೆ, ಆದರೆ ಕೇಳಿದವರಿಗೆ ಮಾತ್ರ; ಕೇಳಿದರೂ ಮೊದಲ ವಿಚಾರಣೆ ಹೊರಡುವುದು 7200 ಸೆಕೆಂಡ್, ಅಂದರೆ ಎರಡು ಗಂಟೆ ಮೌನವಾಗಿದ್ದ ಮೇಲೆ.

ನಿಮ್ಮ ರಿಕ್ವೆಸ್ಟ್ಸ್ ಲೈಬ್ರರಿ ಬಹಳ ಒಳ್ಳೆಯದು, ಆದರೆ ನೀವಾಗಿ ಟೈಮ್‌ಔಟ್, ಅಂದರೆ ಕಾಯುವ ಮಿತಿ, ಕೊಡದಿದ್ದರೆ ಅದು ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಗೋ ಭಾಷೆಯ ಮೂಲ ಎಚ್‌ಟಿಟಿಪಿ ಕ್ಲೈಂಟ್ ಕೂಡ ಹಾಗೆಯೇ. ಮುಂದಿನ ಸಲ ನಿಂತಾಗ ರೀಸ್ಟಾರ್ಟ್ ಮಾಡುವ ಮುನ್ನ ಲಿನಕ್ಸ್‌ನ ಎಸ್‌ಎಸ್ ಎಂಬ ಎರಡಕ್ಷರದ ಆಜ್ಞೆ ಕೊಟ್ಟು ಸಂಪರ್ಕದ ಸ್ಥಿತಿ ನೋಡಿ. ನನ್ನ ಅನುಮಾನ ನಿಜವಾದರೆ ಅಲ್ಲಿ 'ಎಸ್ಟಾಬ್ಲಿಷ್ಡ್' ಎಂದಿರುತ್ತದೆ. ಆಮೇಲೆ ಪ್ರತಿ ಕರೆಗೂ ಟೈಮ್‌ಔಟ್ ಸೇರಿಸಿ, ಸಂಪರ್ಕ ಬೆಳೆಸಲು ಇಷ್ಟು, ಉತ್ತರ ಓದಲು ಇಷ್ಟು ಎಂದು ಎರಡನ್ನೂ ಬೇರೆಬೇರೆಯಾಗಿ. ಓದುವ ಟೈಮ್‌ಔಟ್ 30 ಸೆಕೆಂಡ್ ಎಂದರೆ ಇಡೀ ಉತ್ತರ 30 ಸೆಕೆಂಡ್‌ಗಳಲ್ಲಿ ಮುಗಿಯಬೇಕೆಂದು ಅರ್ಥವಲ್ಲ. ಬೈಟ್‌ಗಳ ನಡುವಿನ ಮೌನ 30 ಸೆಕೆಂಡ್ ಮೀರಬಾರದು ಎಂದಷ್ಟೆ. ಇಪ್ಪತ್ತು ಸೆಕೆಂಡ್‌ಗೊಂದು ಬೈಟ್ ತೊಟ್ಟಿಕ್ಕಿಸುವ ಸರ್ವರ್ ನಿಮ್ಮನ್ನು ಬೆಳಗಿನ ತನಕ ಕೂರಿಸಬಲ್ಲದು.

ಇನ್ನೂ ಒಂದು ಮಾತು. ಟೈಮ್‌ಔಟ್ ಆಯಿತೆಂದರೆ ನಿಮಗೆ ಉತ್ತರ ತಲುಪಲಿಲ್ಲವೆಂದು ಅರ್ಥ, ಆಚೆ ಕೆಲಸ ನಡೆಯಲಿಲ್ಲವೆಂದು ಅರ್ಥವಲ್ಲ. ಮಾಹಿತಿ ಓದಿ ತರುವ ಕರೆಯಾದರೆ ಮತ್ತೆ ಪ್ರಯತ್ನಿಸಿದರೆ ನಷ್ಟವಿಲ್ಲ. ಹಣ ವರ್ಗಾಯಿಸುವ, ಆರ್ಡರ್ ದಾಖಲಿಸುವ ಕರೆಯನ್ನು ಕುರುಡಾಗಿ ಎರಡನೆಯ ಸಲ ಕಳಿಸಿದರೆ ಕೆಲಸ ಎರಡು ಸಲ ನಡೆದುಹೋಗಬಹುದು. ಈ ವಿವೇಚನೆಯನ್ನು ಯಾವ ಲೈಬ್ರರಿಯೂ ನಿಮ್ಮ ಪರವಾಗಿ ಮಾಡಲಾರದು.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಕಚೇರಿಯ ಪ್ರೋಗ್ರಾಂ ಅನ್ನು ಸಾಕೆಟ್‌ನಲ್ಲಿ ತಿರುಗಿ ಬರೆಯುವ ಅಗತ್ಯ ಸ್ವಲ್ಪವೂ ಇಲ್ಲ, ಬರೆಯಲೂಬೇಡಿ. ಆದರೆ ಎರಡು ಭಾನುವಾರಗಳನ್ನು ಬಿಡುವು ಮಾಡಿಕೊಂಡು ಹಾಸನದ ವಿದ್ಯಾರ್ಥಿನಿಯ ಚಾಟ್ ಪ್ರೋಗ್ರಾಂ ಅನ್ನು ನೀವೂ ಬರೆಯಿರಿ, ಒಂದು ಯಂತ್ರದ ವೈಫೈ ಅನ್ನು ನಡುವೆ ಆರಿಸಿ ಇನ್ನೊಂದರಲ್ಲಿ ಏನು ಕಾಣುತ್ತದೆಂದು ನೋಡಿ. ಏನೂ ಕಾಣುವುದಿಲ್ಲ. ಅದನ್ನು ಕಣ್ಣಾರೆ ಕಂಡವರು ಆಮೇಲೆ ಟೈಮ್‌ಔಟ್ ಇಲ್ಲದೆ ಒಂದು ಸಾಲನ್ನೂ ಬರೆಯುವುದಿಲ್ಲ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಧ್ಯಾಪಕ. ಕಂಪ್ಯೂಟರ್ ನೆಟ್‌ವರ್ಕ್ಸ್ ಪ್ರಯೋಗಾಲಯದಲ್ಲಿ ಸಾಕೆಟ್‌ಗೆ ಸಿಗುವುದು ಮೂರು ನಾಲ್ಕು ತರಗತಿ. ಸಿ ಭಾಷೆಯಲ್ಲಿ ಬರೆಸಿದರೆ ವಿಳಾಸದ ಸ್ಟ್ರಕ್ಚರ್ ತುಂಬುವಷ್ಟರಲ್ಲೇ ಅವಧಿ ಮುಗಿಯುತ್ತದೆ. ಪೈಥಾನ್‌ನಲ್ಲಿ ಬರೆಸಿದರೆ ಹತ್ತು ಸಾಲಿಗೆ ಮುಗಿದು ಏನೂ ಕಲಿತಂತಾಗುವುದಿಲ್ಲ. ನಿಮ್ಮ ಸಲಹೆಯೇನು?
– ಅಧ್ಯಾಪಕ, ಕಲಬುರಗಿ

ಉತ್ತರ: ಪೈಥಾನ್‌ನ ಸಾಕೆಟ್ ಮಾಡ್ಯೂಲ್ ಮೇಲ್ಮಟ್ಟದ ಲೈಬ್ರರಿ ಎಂಬ ಭಾವನೆ ಹಲವರಲ್ಲಿದೆ. ಹಾಗಲ್ಲ. ಅದು ಆಪರೇಟಿಂಗ್ ಸಿಸ್ಟಂನ ಕರೆಗಳ ಮೇಲಿನ ತೆಳುವಾದ ಹೊದಿಕೆ. ಬೈಂಡ್, ಲಿಸನ್, ಅಕ್ಸೆಪ್ಟ್, ಕನೆಕ್ಟ್ ಎಲ್ಲವೂ ಅದೇ ಹೆಸರಿನಲ್ಲಿ, ಅದೇ ಕ್ರಮದಲ್ಲಿ ಅಲ್ಲಿವೆ. ಲಿನಕ್ಸ್‌ನ ಎಸ್‌ಟ್ರೇಸ್ ಮೂಲಕ ಓಡಿಸಿ ತೋರಿಸಿದರೆ ಪೈಥಾನ್ ಪ್ರೋಗ್ರಾಂ ಕರ್ನೆಲ್‌ಗೆ ಕೊಡುವ ಕರೆಗಳು ಸಿ ಪ್ರೋಗ್ರಾಂ ಕೊಡುವ ಕರೆಗಳೇ ಎಂಬುದು ವಿದ್ಯಾರ್ಥಿಗಳಿಗೆ ಪರದೆಯ ಮೇಲೆ ಕಾಣುತ್ತದೆ. ಟಿಸಿಪಿಯ ಗುಣದೋಷಗಳನ್ನು ಕಲಿಸಲು ಪೈಥಾನ್ ಧಾರಾಳ ಸಾಕು ಎಂಬುದು ನನ್ನ ಅಭಿಪ್ರಾಯ.

ಸಿ ಭಾಷೆಯಲ್ಲಿ ಅವಧಿಯನ್ನು ನುಂಗುವ ತೊಡಕುಗಳಲ್ಲಿ ಬಹಳಷ್ಟು ಜಾಲಕ್ಕೆ ಸಂಬಂಧಿಸಿದವೇ ಅಲ್ಲ, ಇತಿಹಾಸಕ್ಕೆ ಸಂಬಂಧಿಸಿದವು. ಸಾಕೆಟ್ ಕರೆಗಳು ಇಂದಿನ ರೂಪದಲ್ಲಿ ಬಂದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸಿದ್ಧವಾದ 4.2 ಬಿಎಸ್‌ಡಿ ಯುನಿಕ್ಸ್‌ನೊಂದಿಗೆ, 1983ರಲ್ಲಿ; ಅದೇ ವರ್ಷದ ಜನವರಿ 1ರಂದು ಅಂತರ್ಜಾಲದ ಪೂರ್ವರೂಪವಾದ ಅರ್ಪಾನೆಟ್ ಟಿಸಿಪಿ-ಐಪಿಗೆ ಬದಲಾಗಿತ್ತು. ಸಿ ಭಾಷೆಯ ಪ್ರಮಾಣಿತ ರೂಪವಾದ ಆನ್ಸಿ ಸಿ ಬಂದದ್ದು 1989ರಲ್ಲಿ. ಯಾವ ಬಗೆಯ ದತ್ತಾಂಶವನ್ನಾದರೂ ತೋರಿಸಬಲ್ಲ ವಾಯ್ಡ್ ಪಾಯಿಂಟರ್ ಇನ್ನೂ ಭಾಷೆಯ ಸಿದ್ಧ ಸಲಕರಣೆಯಾಗದಿದ್ದ ಆ ದಿನಗಳಲ್ಲಿ ಯಾವ ಬಗೆಯ ವಿಳಾಸಕ್ಕೂ ಒಪ್ಪುವಂತೆ ಸಾಮಾನ್ಯ ಸ್ಟ್ರಕ್ಚರ್ ಒಂದನ್ನು ಮಾಡಿದರು. ನಿಮ್ಮ ವಿದ್ಯಾರ್ಥಿಗಳು ಇಂದಿಗೂ ಕ್ಯಾಸ್ಟ್ ಮಾಡುತ್ತ (ಒಂದು ಬಗೆಯ ಸ್ಟ್ರಕ್ಚರನ್ನು ಇನ್ನೊಂದು ಬಗೆಯದೆಂದು ತೋರಿಸುತ್ತ) ಒದ್ದಾಡುವುದು ಆ ಏರ್ಪಾಡಿನಿಂದಾಗಿ. ಬೈಟ್‌ಗಳ ಕ್ರಮದ ವಿಷಯ ಮಾತ್ರ ನಿಜವಾಗಿ ತಿಳಿಯತಕ್ಕದ್ದು. ಪೋರ್ಟ್ (ಯಂತ್ರದಲ್ಲಿ ಸರ್ವರ್ ಕಾದು ಕುಳಿತಿರುವ ಬಾಗಿಲಿನ ಸಂಖ್ಯೆ) 8080 ಎಂದರೆ 31 ಮತ್ತು 144 ಎಂಬ ಎರಡು ಬೈಟ್. ಬೈಟ್‌ಗಳನ್ನು ಜಾಲದ ಕ್ರಮಕ್ಕೆ ತರುವ ಎಚ್‌ಟಿಒಎನ್‌ಎಸ್ ಕರೆ ಮರೆತ ವಿದ್ಯಾರ್ಥಿಯ ಸರ್ವರ್ ಇಂಟೆಲ್ ಯಂತ್ರದಲ್ಲಿ ಅವು ತಿರುಗುಮುರುಗಾಗಿ 36895ನೆಯ ಪೋರ್ಟ್‌ನಲ್ಲಿ ಕುಳಿತಿರುತ್ತದೆ, ಯಾವ ಎರರ್ ಕೂಡ ಬಂದಿರುವುದಿಲ್ಲ. ಇದೊಂದನ್ನು ಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರೆ ಅರ್ಧ ಗಂಟೆಯ ಒಳ್ಳೆಯ ಪಾಠವಾಗುತ್ತದೆ.

ಪ್ರಯೋಗಗಳ ವಿಷಯಕ್ಕೆ ಬಂದರೆ, ಕ್ಲೈಂಟ್ ಫೈಲಿನ ಹೆಸರು ಕಳಿಸಿ ಸರ್ವರ್‌ನಿಂದ ಆ ಫೈಲನ್ನು ಪಡೆಯುವ ಪ್ರೋಗ್ರಾಂ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಯೋಗಾಲಯದ ಹಳೆಯ ಪರಿಚಿತ. ಅದನ್ನೇ ಇಟ್ಟುಕೊಳ್ಳಿ, ಆದರೆ ಎರಡು ಸಾಲಿನ ಪಠ್ಯದ ಫೈಲನ್ನು ಕೊಡಬೇಡಿ. ಎರಡು ಸಾಲು ಒಂದೇ ಓದಿಗೆ ಬರುತ್ತದೆ, ಪ್ರೋಗ್ರಾಂ ತಪ್ಪಾಗಿದ್ದರೂ ಸರಿಯೆಂದು ತೋರುತ್ತದೆ, ರೆಕಾರ್ಡ್ ಪುಸ್ತಕಕ್ಕೆ ಸಹಿಯೂ ಬೀಳುತ್ತದೆ. ಹತ್ತು ಮೆಗಾಬೈಟ್‌ನ ಫೋಟೋ ಒಂದನ್ನು ಬೇರೆ ಯಂತ್ರದಿಂದ ತರಿಸಿ. ಅರ್ಧದಲ್ಲಿ ಕೇಬಲ್ ಕಿತ್ತು ಏನಾಯಿತೆಂದು ಬರೆಯಲು ಹೇಳಿ. ಪೈಥಾನ್‌ನ ಹತ್ತು ಸಾಲು ಆಗ ನಲವತ್ತಾಗುತ್ತದೆ, ಏನೂ ಕಲಿತಂತಾಗಲಿಲ್ಲ ಎಂಬ ನಿಮ್ಮ ಕೊರಗೂ ಉಳಿಯುವುದಿಲ್ಲ. ಬರ್ಕ್ಲಿಯವರು ಸಾಕೆಟ್ ಅನ್ನು ಫೈಲಿನಂತೆ ಓದಿ ಬರೆಯಬಹುದಾದ ವಸ್ತುವನ್ನಾಗಿ ಮಾಡಿದ್ದು ದೊಡ್ಡ ಅನುಕೂಲ, ಆದರೆ ಆ ಹೋಲಿಕೆಯನ್ನು ಪೂರ್ತಿ ನಂಬಿದವರು ಮೊದಲ ಓದಿಗೇ ಎಲ್ಲವೂ ಸಿಗುತ್ತದೆಂದು ಕುಳಿತುಬಿಡುತ್ತಾರೆ.

ಸರ್ವರ್ ನಿಲ್ಲಿಸಿ ಕೂಡಲೇ ಮತ್ತೆ ಆರಂಭಿಸಿದಾಗ 'ಅಡ್ರೆಸ್ ಆಲ್ರೆಡಿ ಇನ್ ಯೂಸ್' ಎಂದು ಬರುವುದನ್ನೂ ತರಗತಿಯಲ್ಲೇ ಬಿಡಿಸಿ ಹೇಳಿ. ಹಾಗೆ ಬಂದಾಗ ವಿದ್ಯಾರ್ಥಿಗಳು 5000 ಹೋಗಿ 5001, 5001 ಹೋಗಿ 5002 ಎಂದು ಪೋರ್ಟ್ ಬದಲಾಯಿಸುತ್ತ ಹೋಗುವುದನ್ನು ನೀವೂ ಕಂಡಿರುತ್ತೀರಿ. ತಡವಾಗಿ ಅಲೆದು ಬರುವ ಹಳೆಯ ಪ್ಯಾಕೆಟ್‌ಗಳು ಹೊಸ ಸಂಪರ್ಕಕ್ಕೆ ಸೇರದಿರಲಿ ಎಂದು ಲಿನಕ್ಸ್ ಮುಚ್ಚಿದ ಸಂಪರ್ಕದ ನೆನಪನ್ನು 60 ಸೆಕೆಂಡ್ ಇಟ್ಟುಕೊಂಡಿರುತ್ತದೆ. ರೀಯೂಸ್ ಅಡ್ರೆಸ್ ಎಂಬ ಆಯ್ಕೆಯನ್ನು ಬೈಂಡ್‌ಗಿಂತ ಮೊದಲು ಕೊಟ್ಟರೆ ಮುಗಿಯಿತು.

ಕೊನೆಯ ತರಗತಿಯಲ್ಲಿ ಲೈಬ್ರರಿ ಬರಲಿ. ಅದೇ ಫೋಟೋವನ್ನು ಎಚ್‌ಟಿಟಿಪಿ ಲೈಬ್ರರಿ ಮೂಲಕ ನಾಲ್ಕು ಸಾಲಿನಲ್ಲಿ ತರಿಸಿ, ತಾವು ಬರೆದ ನಲವತ್ತು ಸಾಲುಗಳಲ್ಲಿ ಯಾವುದು ಆ ನಾಲ್ಕರೊಳಗೆ ಎಲ್ಲಿ ಹೋಯಿತೆಂದು ಅವರೇ ಗುರುತು ಹಾಕಲಿ. ಸಿ ಭಾಷೆಯನ್ನು ಆಸಕ್ತಿಯುಳ್ಳ ನಾಲ್ಕೈದು ಮಂದಿಗೆ ಮನೆಗೆಲಸವಾಗಿ ಕೊಟ್ಟರೆ ಸಾಕು. ರೂಟರ್‌ಗಳ, ಸಣ್ಣ ಉಪಕರಣಗಳ ಒಳಗೆ ಕೆಲಸ ಮಾಡುವವರಿಗೆ ಅದು ಮುಂದೆ ಬೇಕಾಗುತ್ತದೆ, ಎಲ್ಲರಿಗೂ ಅಲ್ಲ.

ಪ್ರಶ್ನೆ: ನಮ್ಮದು ಎರಡು ಊರುಗಳಲ್ಲಿ ಅಂಗಡಿಗಳಿವೆ. ಬಿಡುವಿನಲ್ಲಿ ಪ್ರೋಗ್ರಾಮಿಂಗ್ ಕಲಿತು, ಒಂದು ಅಂಗಡಿಯ ದಿನದ ಲೆಕ್ಕವನ್ನು ಇನ್ನೊಂದಕ್ಕೆ ಕಳಿಸುವ ಪ್ರೋಗ್ರಾಂ ಬರೆದಿದ್ದೇನೆ. ಬೇರೆಯವರು ಓದದಂತೆ ನಾನೇ ಒಂದು ಗೂಢಲಿಪಿ ಮಾಡಿ ಸೇರಿಸಬೇಕೆಂದಿದ್ದೇನೆ. ಸಿದ್ಧ ಲೈಬ್ರರಿಗಳಲ್ಲೂ ದೋಷಗಳಿರುತ್ತವೆ ಎಂದು ಓದಿದ್ದರಿಂದ ಅವುಗಳ ಮೇಲೆ ನನಗೆ ನಂಬಿಕೆ ಕಡಿಮೆ.
– ವ್ಯಾಪಾರಿ, ಶಿವಮೊಗ್ಗ

ಉತ್ತರ: ಬೇಡ. ಕಲಿಯುವುದಕ್ಕಾಗಿ ಎಷ್ಟು ಗೂಢಲಿಪಿಗಳನ್ನಾದರೂ ಮಾಡಿ ನೋಡಿ, ಆದರೆ ಅಂಗಡಿಯ ಲೆಕ್ಕವನ್ನು ಅದರ ಮೇಲೆ ಕಳಿಸಬೇಡಿ. ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ಟಿಎಲ್‌ಎಸ್ ಎಂಬ ನಿಯಮಾವಳಿಯ ಲೈಬ್ರರಿ ಬಳಸಿ, ಅದನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡಿ, ಆಚೆಯ ಯಂತ್ರದ ಗುರುತನ್ನು ಸಾಬೀತುಪಡಿಸುವ ಪ್ರಮಾಣಪತ್ರದ ಪರಿಶೀಲನೆಯನ್ನು ಕಿರಿಕಿರಿಯೆಂದು ಆರಿಸಬೇಡಿ. ಸಾಕೆಟ್‌ನ ತಪ್ಪು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ: ಸಂದೇಶ ತುಂಡಾಗುತ್ತದೆ, ಪ್ರೋಗ್ರಾಂ ನಿಲ್ಲುತ್ತದೆ. ಗೂಢಲಿಪಿಯ ತಪ್ಪು ಹಾಗಲ್ಲ. ಲೆಕ್ಕ ಸರಿಯಾಗಿ ತಲುಪುತ್ತಲೇ ಇರುತ್ತದೆ, ನಡುವೆ ಓದುವವರು ಓದುತ್ತಲೂ ಇರುತ್ತಾರೆ.

ಲೈಬ್ರರಿಯಲ್ಲೂ ದೋಷವಿರುತ್ತದೆ ಎಂಬ ನಿಮ್ಮ ಮಾತು ನಿಜ. ಅದರಲ್ಲಿ ಅತ್ಯಂತ ಹೆಸರಾದದ್ದು ಓಪನ್‌ಎಸ್‌ಎಸ್‌ಎಲ್ ಎಂಬ ಟಿಎಲ್‌ಎಸ್ ಲೈಬ್ರರಿಯ ಹಾರ್ಟ್‌ಬ್ಲೀಡ್. 2012ರ ಮಾರ್ಚ್‌ನಲ್ಲಿ ಹೊರಬಂದ 1.0.1 ಆವೃತ್ತಿಯೊಂದಿಗೆ ಬಂದು 2014ರ ಏಪ್ರಿಲ್ 7ರಂದು ಬಯಲಾಯಿತು. ಸಂಪರ್ಕ ಜೀವಂತವಿದೆಯೆ ಎಂದು ನೋಡಲು ಒಂದು ಕಡೆಯವರು ಸಣ್ಣ ಸಂದೇಶ ಕಳಿಸಿದರೆ ಇನ್ನೊಂದು ಕಡೆಯವರು ಅದನ್ನೇ ಹಿಂದಿರುಗಿಸಬೇಕು. ಸಂದೇಶದ ಜೊತೆ ಅದರ ಉದ್ದವನ್ನೂ ಬರೆದಿರುತ್ತಾರೆ. ಒಂದೇ ಬೈಟ್ ಕಳಿಸಿ ಉದ್ದ 64 ಕಿಲೋಬೈಟ್ ಎಂದು ಸುಳ್ಳು ಬರೆದರೆ, ಆ ಲೈಬ್ರರಿ ನಿಜವಾಗಿ ಎಷ್ಟು ಬಂದಿದೆ ಎಂದು ತಾಳೆ ನೋಡದೆ, ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದದ್ದನ್ನೆಲ್ಲ ಸೇರಿಸಿ ಸುಮಾರು 64 ಕಿಲೋಬೈಟ್ ತುಂಬಿಸಿ ಕಳಿಸಿಬಿಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್‌ಗಳೂ ಇರಬಹುದಿತ್ತು, ಗುಟ್ಟಿನ ಕೀಲಿಗಳೂ ಇರಬಹುದಿತ್ತು. ಪರಿಣತರು ಬರೆದು, ಜಗತ್ತೆಲ್ಲ ಬಳಸುತ್ತಿದ್ದ ಪ್ರೋಗ್ರಾಂನಲ್ಲೇ ಇದು ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿಯಿತು. ಬಯಲಾದ ದಿನವೇ ತಿದ್ದಿದ ಆವೃತ್ತಿಯೂ ಹೊರಬಂತು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಮಾತ್ರ ಓಡುವ ಗೂಢಲಿಪಿಯ ದೋಷವನ್ನು ಹುಡುಕಿ ನಿಮಗೆ ತಿಳಿಸುವ ಪುಣ್ಯಾತ್ಮರು ಯಾರಿದ್ದಾರೆ?

ಈ ಉದಾಹರಣೆ ಹಾಸನದ ವಿದ್ಯಾರ್ಥಿನಿಗೂ ಸಲ್ಲುತ್ತದೆ, ಏಕೆಂದರೆ ಮುಂದೆ ಉದ್ದ ಬರೆದು ಹಿಂದೆ ಸಂದೇಶ ಕಳಿಸುವ ಏರ್ಪಾಡನ್ನೇ ನಾನು ಅವರಿಗೆ ಹೇಳಿಕೊಟ್ಟಿದ್ದೇನೆ. ನಾಲ್ಕು ಬೈಟ್‌ಗಳಲ್ಲಿ 4294967295ರ ತನಕ ಬರೆಯಬಹುದು. ಯಾರಾದರೂ ಚೇಷ್ಟೆಗೆ ಆ ಸಂಖ್ಯೆಯನ್ನು ಕಳಿಸಿದರೆ ವಿದ್ಯಾರ್ಥಿನಿಯ ಪ್ರೋಗ್ರಾಂ ನಾಲ್ಕು ಗಿಗಾಬೈಟ್ ಬರಲಿ ಎಂದು ಕಾಯುತ್ತ, ಬಂದದ್ದನ್ನೆಲ್ಲ ಮೆಮೊರಿಗೆ ತುಂಬಿಕೊಳ್ಳುತ್ತ ಹೋಗುತ್ತದೆ. ಉದ್ದವನ್ನು ಓದಿದ ಕೂಡಲೇ, 64 ಕಿಲೋಬೈಟ್ ಮೀರಿದ್ದರೆ ಸಂಪರ್ಕ ಮುಚ್ಚು ಎಂಬ ಒಂದು ಸಾಲನ್ನು ಅವರು ಇಂದೇ ಸೇರಿಸಿಕೊಳ್ಳಲಿ.